ಹಸುರು ಗುರುತನ್ನು ನಂಬಬಹುದೆ?

ಮನೆಯ ಮುಖ್ಯವಾದ ಕಾಗದಪತ್ರಗಳು ಒಂದು ಕಾಲದಲ್ಲಿ ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಬೀಗ ಹಾಕಿ ಒಮ್ಮೆ ಎಳೆದು ನೋಡಿದರೆ ಸಾಕು, ಎಲ್ಲವೂ ಭದ್ರವಾಗಿದೆಯೆಂಬ ನೆಮ್ಮದಿ ಕೈಗೇ ತಿಳಿಯುತ್ತಿತ್ತು. ಈಗ ಮಕ್ಕಳ ಅಂಕಪಟ್ಟಿ, ಮನೆಯ ಕ್ರಯಪತ್ರದ ಪ್ರತಿ, ಮದುವೆಯ ಚಿತ್ರಗಳು ಎಲ್ಲವೂ ಕಂಪ್ಯೂಟರನ್ನು ಸೇರಿವೆ. ಅಲ್ಲಿಂದ ಅಂತರಜಾಲದ ಮೂಲಕ ‘ಕ್ಲೌಡ್’ ಎಂಬ ದೂರದ ಉಗ್ರಾಣವನ್ನು ಸೇರುತ್ತವೆ. ಆ ಉಗ್ರಾಣಕ್ಕೆ ಎಳೆದು ನೋಡುವ ಬೀಗವಿಲ್ಲ. ಫೈಲಿನ ಹೆಸರಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡದೊಂದು ಗುರುತು ಮಾತ್ರ ಇರುತ್ತದೆ. ಹಸುರು ಬಣ್ಣದ ಸರಿಗುರುತು ಇದ್ದರೆ ಕ್ಷೇಮ. ಸುತ್ತುವ ಬಾಣಗಳಿದ್ದರೆ ಪ್ರಯಾಣದಲ್ಲಿದೆ. ಕೆಂಪು ಅಡ್ಡಗೆರೆ ಇದ್ದರೆ ಏನೋ ತೊಡಕು. ಕೋಟ್ಯಂತರ ಜನರು ಈ ಪುಟ್ಟ ಗುರುತನ್ನು ನಂಬಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಆ ಗುರುತೇ ಸುಳ್ಳಾಡಿದರೆ?

ಮೈಸೂರಿನ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು. ತೀರಿಕೊಂಡ ಹೆಂಡತಿ ಮದುವೆಯಾದಂದಿನಿಂದ ಬರೆದಿಟ್ಟುಕೊಂಡಿದ್ದ ಹಾಡಿನ ಪುಸ್ತಕವೊಂದು ಅವರ ಬಳಿ ಇದೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಎಲ್ಲ ಸೇರಿ 140 ಪುಟ. ಕಾಗದ ಎಷ್ಟು ಹಳತೆಂದರೆ ತಿರುವಿದಂತೆಲ್ಲ ಅಂಚು ಪುಡಿಯಾಗಿ ಉದುರುತ್ತದೆ. ಎರಡು ವಾರ ಕುಳಿತು ಪುಟಪುಟಕ್ಕೂ ಫೋನಿನಲ್ಲಿ ಚಿತ್ರ ತೆಗೆದು, ಕಂಪ್ಯೂಟರಿಗೆ ಹಾಕಿ, ಕ್ಲೌಡಿನ ಫೋಲ್ಡರಿನಲ್ಲಿ ಇಟ್ಟರು. ಪುಣೆಯಲ್ಲಿರುವ ಮಗಳ ಕಂಪ್ಯೂಟರಿಗೂ ಅದೇ ಫೋಲ್ಡರು ತಾನಾಗಿಯೇ ತಲಪುವ ಏರ್ಪಾಡು ಇತ್ತು. ಆದರೆ ಮೈಸೂರಿನ ಪರದೆಯ ಮೇಲೆ ನೀಲಿ ಬಾಣಗಳು ಒಂದು ದಿನ ಸುತ್ತಿದವು, ಎರಡು ದಿನ ಸುತ್ತಿದವು, ಮೂರನೆಯ ದಿನವೂ ಸುತ್ತುತ್ತಲೇ ಇದ್ದವು. ಹಸುರು ಬರಲೇ ಇಲ್ಲ. ‘ಇದು ಎಲ್ಲಿಯೋ ಸಿಕ್ಕಿಕೊಂಡಿದೆ, ಅಳಿಸಿ ಹೊಸದಾಗಿ ಹಾಕಿದರೆ ಸರಿಹೋದೀತು’ ಎಂದುಕೊಂಡು ಅವರು ಫೋಲ್ಡರನ್ನು ಅಳಿಸಿದರು. ಕಸದ ಬುಟ್ಟಿಯನ್ನೂ ಬರಿದು ಮಾಡಿದರು. ಚಿತ್ರಗಳು ಫೋನಿನಲ್ಲಿ ಇವೆಯಲ್ಲ ಎಂಬ ಧೈರ್ಯ. ಫೋನು ತೆರೆದು ನೋಡಿದರೆ, ಜಾಗ ಸಾಲದೆಂದು ಮೊಮ್ಮಗ ಹಿಂದಿನ ದಿನವೇ ಅವನ್ನು ಅಲ್ಲಿಂದ ತೆಗೆದುಹಾಕಿದ್ದ.

ಮರುದಿನ ಬೆಳಿಗ್ಗೆ ಮಗಳ ಫೋನು ಬಂತು. “ಅಪ್ಪಾ, ಅಮ್ಮನ ಹಾಡುಗಳ ಫೋಲ್ಡರು ನಿನ್ನೆಯ ತನಕ ನನ್ನ ಕಂಪ್ಯೂಟರಿನಲ್ಲಿ ಇತ್ತು. ಈಗ ಕಾಣಿಸುತ್ತಿಲ್ಲವಲ್ಲ?”

ಆ ಒಂದು ಮಾತಿನಲ್ಲಿ ಎಲ್ಲ ರಹಸ್ಯವೂ ಅಡಗಿದೆ. ಹಾಡುಗಳು ಮೊದಲ ದಿನವೇ ಪುಣೆಯನ್ನು ತಲಪಿದ್ದವು. ಕ್ಲೌಡಿನ ಕೆಲಸ ಕೆಟ್ಟಿರಲಿಲ್ಲ. ಕೆಟ್ಟಿದ್ದದ್ದು ಗುರುತು ಮಾತ್ರ. ಗುರುತಿನ ದೋಷವನ್ನು ಫೈಲಿನ ದೋಷವೆಂದು ಭಾವಿಸಿದ್ದರಿಂದ ಒಂದು ಕ್ಷಣದಲ್ಲಿ ಅನರ್ಥ ನಡೆದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಹೊಸ ಉದಾಹರಣೆ ಬೇಕೆ?

ಸಿಂಕ್ ಎಂದರೇನು?

ಎರಡು ಮೂರು ಕಂಪ್ಯೂಟರುಗಳಲ್ಲಿರುವ ಒಂದೇ ಫೋಲ್ಡರನ್ನು ಸದಾ ಒಂದೇ ಸ್ಥಿತಿಯಲ್ಲಿ ಇಡುವ ವ್ಯವಸ್ಥೆಗೆ ‘ಸಿಂಕ್’ ಎಂದು ಹೆಸರು. ಇಲ್ಲಿ ಬರೆದದ್ದು ಅಲ್ಲಿಯೂ ಬರೆಯಲ್ಪಡುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಈ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1987ರಲ್ಲಿ ‘ಕೋಡಾ’ ಎಂಬ ಕಡತವ್ಯವಸ್ಥೆಯ ಕೆಲಸ ಮೊದಲಾಯಿತು. ಅದರ ಮುಂದಾಳು ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಮಹಾದೇವ ಸತ್ಯನಾರಾಯಣನ್. ಜಾಲದ ಸಂಪರ್ಕ ಕಡಿದಾಗಲೂ ಬಳಕೆದಾರನ ಕೆಲಸ ನಿಲ್ಲಬಾರದು, ಸಂಪರ್ಕ ಮರಳಿದಾಗ ಎರಡು ಕಡೆಯ ಲೆಕ್ಕವೂ ತಾನಾಗಿ ಹೊಂದಿಕೊಳ್ಳಬೇಕು ಎಂಬುದು ಅವರ ತಂಡದ ಗುರಿಯಾಗಿತ್ತು.

ಈ ಸೌಕರ್ಯ ಸಾಮಾನ್ಯ ಜನರ ಮನೆಗೆ ಬಂದದ್ದು ಇಪ್ಪತ್ತು ವರ್ಷಗಳ ತರುವಾಯ. ಬೋಸ್ಟನ್ನಿನಿಂದ ನ್ಯೂಯಾರ್ಕಿಗೆ ಹೊರಟ ಬಸ್ಸಿನಲ್ಲಿ ಕುಳಿತ ಮೇಲೆ ಪೆನ್ ಡ್ರೈವನ್ನು ಮರೆತು ಬಂದೆನೆಂದು ತಿಳಿದ ಡ್ರೂ ಹ್ಯೂಸ್ಟನ್ ಎಂಬ ತರುಣ, ಅರಾಶ್ ಫೆರ್ದೌಸಿ ಎಂಬ ಜೊತೆಗಾರನೊಡನೆ 2007ರಲ್ಲಿ ಡ್ರಾಪ್‌ಬಾಕ್ಸ್ ಸಂಸ್ಥೆಯನ್ನು ಕಟ್ಟಿದ. ಮರುವರ್ಷ ಅದು ಸಾರ್ವಜನಿಕರ ಬಳಕೆಗೆ ಬಂತು. ಅದೇ 2007ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಸ್ಕೈಡ್ರೈವ್’ ಎಂಬ ಹೆಸರಿನಲ್ಲಿ ತೆರೆದ ಉಗ್ರಾಣ, ಹೆಸರಿನ ವ್ಯಾಜ್ಯವೊಂದರ ಫಲವಾಗಿ 2014ರಲ್ಲಿ ‘ವನ್‌ಡ್ರೈವ್’ ಆಯಿತು. ಗೂಗಲ್ ಡ್ರೈವ್ ಹುಟ್ಟಿದ್ದು 2012ರಲ್ಲಿ. ಮೂರೂ ಸೇವೆಗಳು ಫೈಲಿನ ಮೇಲೆ ತಮ್ಮ ತಮ್ಮ ಗುರುತುಗಳನ್ನು ಅಂಟಿಸುವ ಪದ್ಧತಿಯನ್ನು ಅನುಸರಿಸಿದವು.

ಮೊದಲು ಅಕ್ಷರಾಭ್ಯಾಸ

ಗುರುತು ತಪ್ಪೆಂದು ದೂರುವ ಮೊದಲು ಅದನ್ನು ಓದುವುದರಲ್ಲಿ ತಪ್ಪಾಗಿದೆಯೇ ಎಂದು ವಿಚಾರಿಸುವುದು ನ್ಯಾಯ. ವಿಂಡೋಸ್ ಕಂಪ್ಯೂಟರಿನಲ್ಲಿ ವನ್‌ಡ್ರೈವ್ ತೋರಿಸುವ ಗುರುತುಗಳಲ್ಲಿ ನೀಲಿ ಮೋಡ ಮುಖ್ಯವಾದದ್ದು. ಅನೇಕರು ಅದನ್ನು ‘ಎಲ್ಲವೂ ಕ್ಷೇಮ’ ಎಂದು ಓದುತ್ತಾರೆ. ಅದರ ನಿಜವಾದ ಅರ್ಥ, ಫೈಲು ಕ್ಲೌಡಿನಲ್ಲಿ ಮಾತ್ರ ಇದೆ, ಈ ಕಂಪ್ಯೂಟರಿನಲ್ಲಿ ಅದರ ಹೆಸರಷ್ಟೇ ಇದೆ ಎಂದು. ಅಂತರಜಾಲವಿಲ್ಲದ ಕಡೆ ಅದು ತೆರೆಯದು. ರೈಲಿನಲ್ಲಿ ಓದುತ್ತ ಹೋಗೋಣವೆಂದು ಹೊರಟವರು ಘಟ್ಟದ ನಡುವೆ ಪೇಚಿಗೆ ಬೀಳುವುದು ಹೀಗೆಯೆ.

ಬಿಳಿಯ ಹಿನ್ನೆಲೆಯಲ್ಲಿ ಹಸುರು ಗೆರೆಯ ಸರಿಗುರುತು ಇದ್ದರೆ, ಫೈಲನ್ನು ಒಮ್ಮೆ ತೆರೆದದ್ದರಿಂದ ಅದು ಈ ಕಂಪ್ಯೂಟರಿನಲ್ಲಿಯೂ ಇದೆ ಎಂದರ್ಥ. ಜಾಗ ಬೇಕಾದಾಗ ಅದನ್ನು ಮತ್ತೆ ಮೋಡಕ್ಕೆ ಕಳಿಸಬಹುದು. ತುಂಬು ಹಸುರು ವೃತ್ತದೊಳಗೆ ಬಿಳಿಯ ಸರಿಗುರುತು ಇದ್ದರೆ ಮಾತ್ರ, ಫೈಲು ಸದಾ ಇಲ್ಲಿಯೇ ಉಳಿಯಲೆಂದು ಬಳಕೆದಾರನು ಆಜ್ಞಾಪಿಸಿದ್ದಾನೆ ಎಂದು ತಿಳಿಯಬೇಕು. ಎರಡು ಬಾಣಗಳು ಪ್ರಯಾಣದ ಸೂಚನೆ. ಕೆಂಪು ವೃತ್ತದ ಬಿಳಿ ಅಡ್ಡಗೆರೆ ತೊಡಕಿನ ಸೂಚನೆ. ಫೋಲ್ಡರಿನ ಗುರುತು ಅದರೊಳಗಿನ ಎಲ್ಲ ಫೈಲುಗಳ ಪರವಾಗಿ ಮಾತನಾಡುತ್ತದೆ ಎಂಬುದನ್ನೂ ಮರೆಯಬಾರದು. ಒಳಗಿನ ಸಾವಿರ ಫೈಲುಗಳಲ್ಲಿ ಒಂದು ಹಟ ಹಿಡಿದು ಕುಳಿತರೂ ಹೊರಗಿನ ಬಾಣ ನಿಲ್ಲದು.

ಗುರುತು ಏಕೆ ಸುಳ್ಳಾಡುತ್ತದೆ?

ಹಳೆಯ ರೈಲ್ವೆ ನಿಲ್ದಾಣದ ಕೈಮರವನ್ನು ಕಂಡವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಕಂಬದ ಮೇಲಿನ ಕೈ ತಾನಾಗಿ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ದೂರದ ಕೋಣೆಯಲ್ಲಿ ಒಬ್ಬನು ಸನ್ನೆ ಹಿಡಿದು ಎಳೆದರೆ, ಉದ್ದನೆಯ ತಂತಿಯ ಮೂಲಕ ಕೈ ಅಲುಗುತ್ತದೆ. ನಡುವೆ ತಂತಿ ಸಿಕ್ಕಿಕೊಂಡರೆ ಹಳಿ ತೆರವಾಗಿದ್ದರೂ ಕೈ ಇದ್ದಲ್ಲಿಯೇ ಇರುತ್ತದೆ. ಕಂಪ್ಯೂಟರಿನಲ್ಲಿಯೂ ಇಬ್ಬರು ಕೆಲಸಗಾರರು. ಫೈಲನ್ನು ಕ್ಲೌಡಿಗೆ ಸಾಗಿಸುವವನು ಸಿಂಕ್ ತಂತ್ರಾಂಶ. ಪರದೆಯ ಮೇಲೆ ಗುರುತು ಬರೆಯುವವನು ವಿಂಡೋಸಿನ ‘ಫೈಲ್ ಎಕ್ಸ್‌ಪ್ಲೋರರ್’. ಮೊದಲನೆಯವನು ‘ಕೆಲಸ ಮುಗಿಯಿತು’ ಎಂದು ಹೇಳಿದ ಮಾತು ಎರಡನೆಯವನ ಕಿವಿಗೆ ಬೀಳದೆ ಹೋದರೆ, ಅಥವಾ ಬಿದ್ದರೂ ಅವನು ಮೊದಲೇ ನೆನಪಿನಲ್ಲಿಟ್ಟುಕೊಂಡಿದ್ದ ಹಳೆಯ ಚಿತ್ರವನ್ನೇ ತೋರಿಸಿದರೆ, ನೋಡುವವರಿಗೆ ಸುಳ್ಳು ಕಾಣುತ್ತದೆ.

ಗುರುತುಗಳು ಕೆಲವೊಮ್ಮೆ ಪೂರ್ತಿಯಾಗಿ ಮಾಯವಾಗುವುದಕ್ಕೆ ಇನ್ನೊಂದು ಕಾರಣವಿದೆ, ಅದು ಸ್ವಾರಸ್ಯಕರವಾದದ್ದು. ಫೈಲಿನ ಚಿತ್ರದ ಮೇಲೆ ಕೂರುವ ಪುಟ್ಟ ಗುರುತಿನ ಸಂಖ್ಯೆಯನ್ನು ಬರೆದಿಡಲು ವಿಂಡೋಸ್ ಕೊಟ್ಟಿರುವ ಸ್ಥಳ ನಾಲ್ಕೇ ‘ಬಿಟ್’. ಬಿಟ್ ಎಂದರೆ ಉರಿಯುವ ಅಥವಾ ಆರಿರುವ ಒಂದು ದೀಪವೆನ್ನಬಹುದು. ನಾಲ್ಕು ದೀಪಗಳನ್ನು 16 ಬೇರೆ ಬೇರೆ ರೀತಿಯಲ್ಲಿ ಹಚ್ಚಿಡಬಹುದು. ನಾಲ್ಕೂ ಆರಿದ್ದರೆ ಗುರುತಿಲ್ಲವೆಂದು ಅರ್ಥ. ಉಳಿದದ್ದು 15. ಎಂದರೆ ಇಡೀ ಕಂಪ್ಯೂಟರಿಗೆ ಇಂಥ ಗುರುತುಗಳು ಹದಿನೈದಕ್ಕಿಂತ ಹೆಚ್ಚು ಸಲ್ಲವು. ಆ ಕಾಲದಲ್ಲಿ ಇಷ್ಟು ಬೇಕಾದಷ್ಟಾಯಿತು. ಅಡ್ಡದಾರಿಯನ್ನು ಸೂಚಿಸುವ ಬಾಣ, ಹಂಚಿಕೊಂಡ ಫೋಲ್ಡರನ್ನು ಸೂಚಿಸುವ ಕೈ, ಇಂಥ ಒಂದೆರಡು ಗುರುತುಗಳಲ್ಲದೆ ಬೇರೆ ಯಾರಿಗೂ ಅವು ಬೇಕಿರಲಿಲ್ಲ.

ಆಮೇಲೆ ಕ್ಲೌಡ್ ಸೇವೆಗಳು ಬಂದವು. ಒಂದೊಂದು ಸೇವೆಗೂ ಆರೇಳು ಗುರುತು ಬೇಕಾಯಿತು. ಹದಿನೈದೇ ಎಲೆ ಹಾಕಿದ ಪಂಕ್ತಿಗೆ ಮೂವತ್ತು ಮಂದಿ ಬಂದಂತಾಯಿತು. ಯಾರಿಗೆ ಎಲೆ? ವಿಂಡೋಸ್ ಇಂಗ್ಲಿಷಿನ ಅಕಾರಾದಿ ಕ್ರಮದಲ್ಲಿ ಹೆಸರು ಕೂಗುತ್ತದೆ. ಮುಂದಿನ ಸ್ಥಾನ ಹಿಡಿಯುವುದಕ್ಕಾಗಿ ತಂತ್ರಾಂಶ ಬರೆಯುವವರು ತಮ್ಮ ಗುರುತಿನ ಹೆಸರಿನ ಮುಂದೆ ಒಂದು ಖಾಲಿ ಜಾಗ ಬಿಟ್ಟರು, ಏಕೆಂದರೆ ಪಟ್ಟಿಯಲ್ಲಿ ಖಾಲಿ ಜಾಗ ಎಲ್ಲ ಅಕ್ಷರಗಳಿಗಿಂತ ಮೊದಲು ಬರುತ್ತದೆ. ಅದನ್ನು ಕಂಡು ಇನ್ನೊಬ್ಬರು ಎರಡು ಜಾಗ ಬಿಟ್ಟರು, ಮತ್ತೊಬ್ಬರು ಮೂರು. ವಿದ್ಯಾವಂತರ ಈ ನೂಕುನುಗ್ಗಲಿನಲ್ಲಿ ಹಿಂದೆ ಬಿದ್ದವರ ಗುರುತು ಪರದೆಯಿಂದ ಮಾಯವಾಯಿತು. ಎರಡು ಮೂರು ಸೇವೆಗಳನ್ನು ಒಂದೇ ಕಂಪ್ಯೂಟರಿನಲ್ಲಿ ಹಾಕಿಕೊಂಡವರಿಗೆ ಗುರುತು ಕಾಣದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅಂಥ ಸಂದರ್ಭದಲ್ಲಿ ಬೇಡವಾದ ಸೇವೆಯನ್ನು ತೆಗೆದುಹಾಕುವುದೇ ಸರಳವಾದ ಪರಿಹಾರ.

ಈ ಇಕ್ಕಟ್ಟಿನಿಂದ ಪಾರಾಗಲು 2017ರಲ್ಲಿ ಮೈಕ್ರೋಸಾಫ್ಟ್ ಬೇರೊಂದು ದಾರಿ ಹಿಡಿಯಿತು. ಗುರುತನ್ನು ಫೈಲಿನ ಚಿತ್ರದ ಮೇಲೆ ಕೂರಿಸುವ ಬದಲು, ಪಕ್ಕದಲ್ಲಿ ‘ಸ್ಟೇಟಸ್’ ಎಂಬ ಅಂಕಣವನ್ನೇ ಒದಗಿಸಿತು. ಆಪಲ್ ಸಂಸ್ಥೆಯೂ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಇಂಥ ಗುರುತುಗಳಿಗಾಗಿ 2014ರಲ್ಲಿ ಅಧಿಕೃತವಾದ ಮಾರ್ಗವೊಂದನ್ನು ಕಲ್ಪಿಸಿತು. ಕೈಮರ ಹೊಸದಾಯಿತು, ಆದರೂ ತಂತಿ ಒಮ್ಮೊಮ್ಮೆ ಸಿಕ್ಕಿಕೊಳ್ಳುವುದು ತಪ್ಪಲಿಲ್ಲ.

ಪರಿಹಾರದ ಕ್ರಮ

ಗುರುತಿನ ಮೇಲೆ ಸಂಶಯ ಬಂದಾಗ ಮೊದಲು ಮಾಡಬೇಕಾದದ್ದು ಸಾಕ್ಷಿ ವಿಚಾರಣೆ. ಬ್ರೌಸರನ್ನು ತೆರೆದು, ಆ ಸೇವೆಯ ಜಾಲತಾಣಕ್ಕೆ ಪ್ರವೇಶಿಸಿ, ಫೈಲು ಅಲ್ಲಿದೆಯೆ, ಅದರ ಗಾತ್ರವೂ ತಿದ್ದಿದ ವೇಳೆಯೂ ಮನೆಯ ಪ್ರತಿಗೆ ಹೊಂದುತ್ತವೆಯೆ ಎಂದು ನೋಡಬೇಕು. ಸಾಧ್ಯವಾದರೆ ಅಲ್ಲಿಯೇ ತೆರೆದು ಓದಬೇಕು. ಅಲ್ಲಿ ಇದ್ದರೆ ದೋಷ ಗುರುತಿನದು, ಗಾಬರಿಗೆ ಕಾರಣವಿಲ್ಲ. ಅಲ್ಲಿ ಇಲ್ಲದಿದ್ದರೆ ದೋಷ ಸಾಗಾಟದ್ದು. ಆಗ ಗುರುತು ಹಸುರಾಗಿದ್ದರೂ ನಂಬಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಎಚ್ಚರಿಕೆ ಹಸುರಿಗೂ ಸಲ್ಲುತ್ತದೆ.

ದೋಷ ಗುರುತಿನದಾದರೆ ಮದ್ದು ಸುಲಭ. ಫೋಲ್ಡರು ತೆರೆದಿರುವಾಗ ಕೀಲಿಮಣೆಯ ಎಫ್5 ಒತ್ತಿದರೆ ಪರದೆ ಹೊಸದಾಗುತ್ತದೆ. ಅದಕ್ಕೆ ಜಗ್ಗದಿದ್ದರೆ ‘ಟಾಸ್ಕ್ ಮ್ಯಾನೇಜರ್’ ತೆರೆದು, ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನು ಆರಿಸಿ, ‘ರೀಸ್ಟಾರ್ಟ್’ ಒತ್ತಬೇಕು. ಪರದೆ ಒಂದು ಕ್ಷಣ ಬರಿದಾಗಿ ಮತ್ತೆ ತುಂಬುತ್ತದೆ, ಹೆದರಬೇಕಾಗಿಲ್ಲ. ಗುರುತು ಬರೆಯುವವನು ಎದ್ದು ಮುಖ ತೊಳೆದುಕೊಂಡು ಬಂದನೆಂದು ತಿಳಿದರಾಯಿತು. ಕಂಪ್ಯೂಟರನ್ನೇ ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದರೂ ಇದೇ ಫಲ ದೊರೆಯುತ್ತದೆ.

ದೋಷ ಸಾಗಾಟದ್ದಾದರೆ ಸಿಂಕ್ ತಂತ್ರಾಂಶವನ್ನೇ ಕೇಳಬೇಕು. ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಅದರ ಚಿಹ್ನೆಯನ್ನು ಒತ್ತಿದರೆ ಏನು ನಡೆಯುತ್ತಿದೆ, ಯಾವ ಫೈಲು ತಡೆದಿದೆ ಎಂಬ ವಿವರ ಕಾಣುತ್ತದೆ. ಅಲ್ಲಿ ವಿಚಾರಿಸಬೇಕಾದ ಸಂಗತಿಗಳು ಕೆಲವು. ಯಾರಾದರೂ ಸಿಂಕನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದಾರೆಯೆ? ಲ್ಯಾಪ್‌ಟಾಪು ಬ್ಯಾಟರಿಯ ಮಿತವ್ಯಯದಲ್ಲಿ ಇದ್ದರೆ, ಅಥವಾ ಮಿತಿಯುಳ್ಳ ಸಂಪರ್ಕವೆಂದು ಗುರುತಿಸಿದ ಫೋನಿನ ಜಾಲದಲ್ಲಿ ಇದ್ದರೆ, ವನ್‌ಡ್ರೈವ್ ತಾನಾಗಿಯೇ ನಿಲ್ಲುವುದುಂಟು. ಗುಪ್ತಪದವನ್ನು ಬದಲಾಯಿಸಿದ ಮೇಲೆ ಮತ್ತೆ ಪ್ರವೇಶಿಸುವುದನ್ನು ಮರೆತಿರಬಹುದು. ಉಗ್ರಾಣ ತುಂಬಿರಬಹುದು; ಉಚಿತವಾಗಿ ದೊರೆಯುವ ಸ್ಥಳ ಡ್ರಾಪ್‌ಬಾಕ್ಸಿನಲ್ಲಿ 2 ಜಿ.ಬಿ., ವನ್‌ಡ್ರೈವಿನಲ್ಲಿ 5 ಜಿ.ಬಿ. ಮಾತ್ರ. ಗೂಗಲಿನ 15 ಜಿ.ಬಿ.ಯಲ್ಲಿ ಮಿಂಚಂಚೆಗೂ ಚಿತ್ರಗಳಿಗೂ ಪಾಲಿದೆ.

ಇವು ಯಾವುವೂ ಅಲ್ಲದಿದ್ದರೆ ಫೈಲಿನ ಹೆಸರನ್ನು ಪರೀಕ್ಷಿಸಬೇಕು. ನಕ್ಷತ್ರ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಒಂದರ ಮೇಲೊಂದು ಕುಳಿತ ಎರಡು ಚುಕ್ಕೆ, ನೆಟ್ಟನೆಯ ಗೆರೆ ಮುಂತಾದವು ಹೆಸರಿನಲ್ಲಿ ಇದ್ದರೆ ವನ್‌ಡ್ರೈವ್ ಒಪ್ಪುವುದಿಲ್ಲ. ಮ್ಯಾಕ್ ಕಂಪ್ಯೂಟರಿನಲ್ಲಿ ಹೆಸರಿಟ್ಟ ಫೈಲುಗಳಲ್ಲಿ ಈ ತೊಂದರೆ ಕಾಣುವುದು ಹೆಚ್ಚು. ಫೋಲ್ಡರಿನೊಳಗೆ ಫೋಲ್ಡರು ಹೂಡಿ ಹೆಸರುಗಳೆಲ್ಲ ಸೇರಿ 400 ಅಕ್ಷರಗಳನ್ನು ಮೀರಿದರೂ ಅಡ್ಡಿ ಬರುತ್ತದೆ. ಬೇರೊಂದು ತಂತ್ರಾಂಶ ಆ ಫೈಲನ್ನು ತೆರೆದು ಹಿಡಿದಿದ್ದರೂ ಅದು ಸಾಗದೆ ನಿಲ್ಲಬಹುದು. ಮುಚ್ಚಿದರೆ ಬಾಣವೂ ನಿಲ್ಲುತ್ತದೆ.

ಇಷ್ಟೂ ವ್ಯರ್ಥವಾದರೆ ಸಿಂಕ್ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು, ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಬೇಕು. ಕೊನೆಯ ಉಪಾಯ ‘ರೀಸೆಟ್’. ವನ್‌ಡ್ರೈವನ್ನು ರೀಸೆಟ್ ಮಾಡಿದಾಗ ಅದು ತನ್ನ ಹಳೆಯ ಲೆಕ್ಕದ ಪುಸ್ತಕವನ್ನು ಬಿಸುಟು, ಎರಡೂ ಕಡೆಯ ಫೈಲುಗಳನ್ನು ಮೊದಲಿನಿಂದ ತಾಳೆ ನೋಡುತ್ತದೆ. ಫೈಲುಗಳು ಇದರಿಂದ ಅಳಿಯುವುದಿಲ್ಲ. ಆದರೂ ಮುಖ್ಯವಾದ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು ಮುಂದುವರಿಯುವುದು ಬುದ್ಧಿವಂತರ ಲಕ್ಷಣ.

ಮಾಡಬಾರದ್ದು ಒಂದೇ

ಪರಿಹಾರಗಳು ಹಲವು, ನಿಷೇಧ ಒಂದೇ. ಗುರುತು ಸರಿಯಿಲ್ಲವೆಂದು ಫೈಲನ್ನು ಅಳಿಸಬಾರದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಅದು. ಸಿಂಕ್ ವ್ಯವಸ್ಥೆ ಕನ್ನಡಿಯ ಹಾಗೆ. ಕಂಡದ್ದನ್ನು ತೋರಿಸುತ್ತದೆ, ಕಾಣದಾದರೆ ಅಳಿಸುತ್ತದೆ. ಅಳಿಸಿದವನು ಬೇಕೆಂದು ಅಳಿಸಿದನೋ, ಬೇಸರದಿಂದ ಅಳಿಸಿದನೋ ಎಂಬುದು ಅದಕ್ಕೆ ತಿಳಿಯದು. ಮೈಸೂರಿನ ತಪ್ಪನ್ನು ಅದು ಶ್ರದ್ಧೆಯಿಂದ ಪುಣೆಗೂ ಒಯ್ಯುತ್ತದೆ. ಆದುದರಿಂದ ಸಿಂಕ್ ಬೇರೆ, ರಕ್ಷಣೆಗಾಗಿ ತೆಗೆದಿಡುವ ಪ್ರತಿ ಬೇರೆ. ಕನ್ನಡಿಯಲ್ಲಿರುವ ಒಡವೆಯನ್ನು ಎರಡನೆಯ ಒಡವೆಯೆಂದು ಯಾರೂ ಎಣಿಸುವುದಿಲ್ಲ.

ಆದರೂ ಎಲ್ಲ ಬಾಗಿಲೂ ಮುಚ್ಚಿರುವುದಿಲ್ಲ. ಈ ಸೇವೆಗಳ ಜಾಲತಾಣದಲ್ಲಿ ಅವುಗಳದೇ ಆದ ಕಸದ ಬುಟ್ಟಿ ಇರುತ್ತದೆ. ಗೂಗಲ್ ಡ್ರೈವ್, ವೈಯಕ್ತಿಕ ಬಳಕೆಯ ವನ್‌ಡ್ರೈವ್, ಡ್ರಾಪ್‌ಬಾಕ್ಸಿನ ಉಚಿತ ಖಾತೆ, ಇವು ಸಾಮಾನ್ಯವಾಗಿ ಅಳಿಸಿದ ಫೈಲನ್ನು 30 ದಿನ ಕಾದಿಡುತ್ತವೆ. ಮನೆಯ ಕಂಪ್ಯೂಟರಿನ ಬುಟ್ಟಿಯನ್ನು ಬರಿದು ಮಾಡಿದರೂ ಆ ಬುಟ್ಟಿ ಬರಿದಾಗುವುದಿಲ್ಲ.

ಪುಣೆಯ ಮಗಳಿಗೆ ಈ ಸಂಗತಿ ತಿಳಿದಿತ್ತು. “ಅಪ್ಪಾ, ನೀವು ಈಗ ಏನನ್ನೂ ಮುಟ್ಟಬೇಡಿ, ಸುಮ್ಮನೆ ಕುಳಿತಿರಿ” ಎಂದಳು. ಬ್ರೌಸರಿನಲ್ಲಿ ಖಾತೆ ತೆರೆದು, ಅಲ್ಲಿನ ಬುಟ್ಟಿಯಿಂದ ಫೋಲ್ಡರನ್ನು ಹಿಂದಕ್ಕೆ ತಂದಳು. ಸ್ವಲ್ಪ ಹೊತ್ತಿನಲ್ಲಿ ಮೈಸೂರಿನ ಪರದೆಯ ಮೇಲೆ ಪುಟಗಳು ಒಂದೊಂದಾಗಿ ಬಂದು ಕುಳಿತವು. ಮುಖ್ಯೋಪಾಧ್ಯಾಯರು ಹಾಜರಿ ಕರೆಯುವಂತೆ ಎಣಿಸಿದರು. 140 ಆಯಿತು. ಬಾಣಗಳು ಇನ್ನೂ ಸುತ್ತುತ್ತಿದ್ದವು. ಮಗಳು ಹೇಳಿಕೊಟ್ಟಂತೆ ಎಕ್ಸ್‌ಪ್ಲೋರರನ್ನು ಮರಳಿ ಹೊರಡಿಸಿದಾಗ, ಮೂರು ದಿನ ಕಾಡಿದ ಬಾಣ ನಿಂತು ಹಸುರು ಮೂಡಿತು.

ಅವರು ಆ ಹಸುರನ್ನು ನೋಡಿ ಎದ್ದುಹೋಗಲಿಲ್ಲ. ತೊಟ್ಟಿಲ ಹಾಡಿನ ಪುಟವೊಂದನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದರು. ಸಂಜೆ ಅಂಗಡಿಗೆ ಹೋಗಿ ಪೆನ್ ಡ್ರೈವೊಂದನ್ನು ತಂದು, ಎಲ್ಲ ಪುಟಗಳನ್ನೂ ಅದಕ್ಕೆ ನಕಲು ಮಾಡಿ, ಹಾಡಿನ ಪುಸ್ತಕದ ಜೊತೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರು. ಬೀಗ ಹಾಕಿ, ಒಮ್ಮೆ ಎಳೆದು ನೋಡಿದರು.